ನಂಬರು ಬಿದ್ದ ಮರ

ಬೆಳಿಗ್ಗೆ ಏಳರಿಂದ ಎಂಟೂವರೆವರೆಗೆ ಕುಳ್ಳಯ್ಯನ ತೇಗದ ತೋಪಿನಲ್ಲಿ ಕಣ್ಣಿಗೆ ಬಿದ್ದ ಜೀವಿಗಳು ಮೂರೇ ಮೂರು. ಒಂದು ಸಾಲು ಗೊದ್ದದ ಇರುವೆ, ತಲೆಯ ಮೇಲೆ ಹಾರಿಹೋದ ಒಂದು ಕಾಗೆ, ಪಕ್ಕದ ಹೊಲದ ದೇವಯ್ಯನ ಎಮ್ಮೆ. ಎಮ್ಮೆ ಸಾಕಿದ ಪ್ರಾಣಿ ಎಂದು ಫೈನಾನ್ಸ್ ಕಂಪನಿಯ ಶಿವಶಂಕರ್ ಅದನ್ನು ಫಾರಮ್ಮಿಗೆ ಸೇರಿಸಲಿಲ್ಲ. ಕಾಗೆ ಕೂರಲಿಲ್ಲ, ಕೂರದೆ ಹಾರಿಹೋದದ್ದು ತೋಪಿನ ಲೆಕ್ಕಕ್ಕೆ ಬರುವುದಿಲ್ಲ ಎಂದು ಅದನ್ನೂ ಬಿಟ್ಟ. ಉಳಿದದ್ದು ಗೊದ್ದ.

“ಇಪ್ಪತ್ತು ಬಗೆ ಬೇಕು ಕುಳ್ಳಯ್ಯನವರೇ,” ಎಂದ. “ಒಂದಾಯ್ತು.”

ಕುಳ್ಳಯ್ಯ ಕತ್ತೆತ್ತಿ ಮರಗಳನ್ನು ನೋಡಿದ. ಮೊನ್ನೆ ಇದೇ ಹೊತ್ತಿನಲ್ಲಿ ಇಲ್ಲಿ ನಿಂತು ಹೆಂಡತಿಯನ್ನು ಕೂಗಿದರೆ ಅವಳಿಗೆ ಕೇಳಿಸದಷ್ಟು ಗಲಾಟೆ ಇತ್ತು. ಗಿಣಿಗಳು ಜಗಳವಾಡುತ್ತಿದ್ದವು, ಗೊರವಂಕಗಳು ಆ ಜಗಳಕ್ಕೆ ತೀರ್ಪು ಕೊಡುತ್ತಿದ್ದವು. ಇವತ್ತು ಎಲೆ ಬಿದ್ದರೆ ಸದ್ದು ಕೇಳುತ್ತಿತ್ತು. ತೇಗದ ಎಲೆ ಮುರದಷ್ಟು ಅಗಲ, ಅದು ಬಿದ್ದರೆ ಹೇಗೂ ಕೇಳುತ್ತದೆ ಅನ್ನಿ.

“ಸಾ, ಮೊನ್ನೆ ಇದ್ವು ಸಾ. ದೇವ್ರಾಣೆ.”

“ಮೊನ್ನೆಗೆ ಕಾಲಮ್ ಇಲ್ಲ,” ಎಂದ ಶಿವಶಂಕರ್.

ನಿಜ ಹೇಳಬೇಕೆಂದರೆ ಕುಳ್ಳಯ್ಯನಿಗೆ ಈ ಸಾಲ ಮೊದಲ ದಿನದಿಂದಲೂ ಅರ್ಥವಾಗಿರಲಿಲ್ಲ. ದೇವಲಾಪುರ ಹೋಬಳಿಯ ಬೆದ್ದಲು ಭೂಮಿ, ಅದರಲ್ಲಿ ಎರಡು ಎಕರೆ ತೇಗ. ಹಾಕಿ ಒಂಬತ್ತು ವರ್ಷ. ಎರಡು ಸೀಮೆಹಸು, ಅವಕ್ಕೊಂದು ಕೊಟ್ಟಿಗೆ ಮಾಡಲು ಮೂರು ವರ್ಷದ ಹಿಂದೆ ಸಾಲ ಕೇಳಿದಾಗ ಬ್ಯಾಂಕಿನವರು, ನಿಂತ ಮರವನ್ನು ಅಡವು ಇಟ್ಟುಕೊಳ್ಳುವುದಿಲ್ಲ ಎಂದು ವಾಪಸು ಕಳಿಸಿದ್ದರು. ಆಗ ಸಿಕ್ಕಿದ್ದು ಶ್ರೀರಂಗಪಟ್ಟಣದ ‘ಹಸಿರುಹೊನ್ನು ಫೈನಾನ್ಸ್’. ಸೈಕಲ್ ಅಂಗಡಿಯ ಮೇಲಿನ ಒಂದೇ ರೂಮು, ಎರಡು ಮೇಜು, ಗೋಡೆಯಲ್ಲೊಂದು ಹುಲಿ. ಅಡವಿಯನ್ನೇ ಅಡವು ಇಟ್ಟುಕೊಳ್ಳುವ ಕಂಪನಿ ಅದು. ದುಡ್ಡು ಬೊಂಬಾಯಿಯ ಖಾಸಗಿ ಸಾಹುಕಾರರದಂತೆ. ಅವರಿಗೆ ಮರವೂ ಬೇಕು, ಮರದ ಮೇಲಿನ ಹಕ್ಕಿಯೂ ಬೇಕು. ಮುಂದೊಂದು ದಿನ ಕಡಿಯುವ ತೋಪಿನಲ್ಲಿ ಅಲ್ಲಿಯವರೆಗೆ ನಾನಾ ಬಗೆಯ ಜೀವ ಬದುಕಿದ್ದರೆ, ಅಂಥ ಸಾಲದ ಕಾಗದವನ್ನು ಇನ್ನೂ ದೊಡ್ಡ ಸಾಹುಕಾರರು ಹೆಚ್ಚು ಬೆಲೆಗೆ ಕೊಳ್ಳುತ್ತಾರಂತೆ. ಹೀಗಾಗಿ ಬಡ್ಡೆಯ ಸುತ್ತ ಏನೇನು ಹರಿದಾಡುತ್ತದೋ ಅದರ ಮೇಲೆ ಬಡ್ಡಿ.

“ಅಂಗಾದ್ರೆ ಅಕ್ಕಿ ಎಣಿಸ್ತೀರಾ ಸಾ?” ಎಂದು ಕುಳ್ಳಯ್ಯ ಅವತ್ತು ಕೇಳಿದ್ದ.

“ಅಕ್ಕಿ ಅಲ್ಲ, ಹಕ್ಕಿ.”

“ಅದೇ ಸಾ, ಅಕ್ಕಿ.”

ಕರಾರು ಮಾತ್ರ ಕುಳ್ಳಯ್ಯನಿಗೂ ಅರ್ಥವಾಗುವಷ್ಟು ಸರಳವಾಗಿತ್ತು. ಮೂರನೆಯ ವರ್ಷದ ಎಣಿಕೆಯಲ್ಲಿ ಇಪ್ಪತ್ತು ಬಗೆಯ ಕಾಡುಜೀವ ಸಿಕ್ಕರೆ ಬಡ್ಡಿ ಅರ್ಧ, ಮರಗಳಿಗೆ ಹದಿನಾಲ್ಕು ತುಂಬುವವರೆಗೆ ಯಾರೂ ಕೊಡಲಿ ಮುಟ್ಟಿಸುವಂತಿಲ್ಲ. ಇಪ್ಪತ್ತಕ್ಕೆ ಒಂದು ಕಡಿಮೆಯಾದರೂ ಸಂಕ್ರಾಂತಿಯೊಳಗೆ ಕಂಪನಿಯ ಕಂಟ್ರಾಕ್ಟರು ಬಂದು ಅಷ್ಟೂ ಮರ ಕಡಿದು ಸಾಲಕ್ಕೆ ವಜಾ ಮಾಡಿಕೊಳ್ಳುತ್ತಾನೆ. ಒಂಬತ್ತು ವರ್ಷದ ತೇಗ ಇನ್ನೂ ಹುಡುಗು. ಈಗ ಕಡಿದರೆ ತಾರಸಿಗೆ ಮೋಲ್ಡ್ ಹಾಕುವವರಿಗೆ ಆಸರೆಯ ಗಳ. ಇನ್ನೈದು ವರ್ಷ ನಿಂತರೆ ಬಾಗಿಲಾಗುತ್ತದೆ, ಚೌಕಟ್ಟಾಗುತ್ತದೆ. ತಾನು ಬಿಂದಿಗೆಯಲ್ಲಿ ನೀರು ಹೊತ್ತು ಬದುಕಿಸಿದ ನಾನೂರ ಹನ್ನೆರಡು ಮರಗಳು ಯಾರದೋ ತಾರಸಿಯ ಕೆಳಗೆ ಹದಿನೈದು ದಿನ ನಿಂತು ಆಮೇಲೆ ಒಲೆಗೆ ಹೋಗುವುದನ್ನು ನೆನೆದರೆ ಕುಳ್ಳಯ್ಯನಿಗೆ ಅನ್ನ ಸೇರುತ್ತಿರಲಿಲ್ಲ. ತೇಗವನ್ನು ಊರಿನವರೆಲ್ಲ ತ್ಯಾಗ ಅನ್ನುತ್ತಾರೆ. ಅವನಿಗೆ ಅಂಥ ತ್ಯಾಗ ಬೇಕಿರಲಿಲ್ಲ.

ಅದಕ್ಕೇ ಮೂರು ವರ್ಷ ಪಾಡು ಪಟ್ಟಿದ್ದ. ತರಗು ಗುಡಿಸಲಿಲ್ಲ, ಬೇಲಿಗೆ ಬೆಂಕಿ ಇಡಲಿಲ್ಲ, ಒಡೆದ ಬಾನಿಯಲ್ಲಿ ನೀರು ಇಟ್ಟ. ಕೇರೆಹಾವು ಅಡ್ಡ ಬಂದರೆ ನಿಂತು ದಾರಿ ಬಿಟ್ಟ. ಮುಂಗುಸಿಯೊಂದು ಹೆಂಡತಿ ಚಲುವಮ್ಮನ ಕೋಳಿಮರಿ ಎತ್ತಿಕೊಂಡು ಹೋದಾಗ, “ವೋಗ್ಲಿ ಬುಡು, ಒಂದ್ ಬಗೆ ಆಯ್ತು,” ಎಂದು ಹೇಳಿ ಅವಳಿಂದ ಒಂದು ವಾರ ಮಾತು ಬಿಡಿಸಿಕೊಂಡಿದ್ದ.

ಇಷ್ಟೆಲ್ಲ ಮಾಡಿದ ಮೇಲೂ ಗೊದ್ದ.

“ಲೇ ಕುಳ್ಳ,” ಎಂದು ಬೇಲಿಯ ಆಚೆಯಿಂದ ದೇವಯ್ಯ ಕೂಗಿದ. ಎಮ್ಮೆ ಹುಡುಕಿಕೊಂಡು ಬಂದಿದ್ದ. “ಏನ್ಲಾ ಇದು, ನಿನ್ನೆ ಸಂಜೆಯಿಂದ ನಿನ್ ಸಂಸಾರೆಲ್ಲ ನನ್ ಉಣಸೆ ತೋಪಲ್ಲಿ ಬೀಡು ಬುಟ್ಟದೆ. ಗಿಣಿ ಅಂದ್ರೆ ಗಿಣಿ, ಗೊರವಂಕ ಅಂದ್ರೆ ಗೊರವಂಕ. ಒಂದು ಉಡ ಬದ ಅತ್ತಿ ಬಂದು ನನ್ನೇ ನೋಡ್ಕಂಡು ಕುಂತಿತ್ತು ಕಣ್ಲಾ, ನಾನೆಲ್ಲಿ ಬಾಡಿಗೆ ಕೇಳ್ತೀನೋ ಅನ್ನಂಗೆ.”

ಶಿವಶಂಕರನ ಮುಖ ಬೆಳಗಿತು. “ಅಲ್ಲಿಗೆ ಹೋಗಿ ಎಣಿಸಬಹುದಾ?” ಎಂದು ತನ್ನನ್ನೇ ಕೇಳಿಕೊಂಡು, “ಆಗಲ್ಲ, ಸರ್ವೆ ನಂಬರ್ ಬೇರೆ,” ಎಂದು ತಾನೇ ಉತ್ತರ ಕೊಟ್ಟುಕೊಂಡ.

ಈ ಶಿವಶಂಕರ್ ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯವನು. ಬಿ.ಕಾಂ. ಓದಿದವನು. ಕಬ್ಬಿನ ಸೀಮೆಯಲ್ಲಿ ಹುಟ್ಟಿ ಬೆಳೆದು ಗುಬ್ಬಿ, ಕಾಗೆ, ನರಿ ಇವಿಷ್ಟನ್ನೇ ಬಲ್ಲವನನ್ನು ಕಂಪನಿ ಹಕ್ಕಿ ಎಣಿಸಲು ಇಟ್ಟಿತ್ತು. ಬಣ್ಣದ ಚಿತ್ರಗಳ ಪುಸ್ತಕವೊಂದು ಅವನ ರೆಕ್ಸಿನ್ ಬ್ಯಾಗಿನಲ್ಲಿತ್ತು. ಕುಳ್ಳಯ್ಯ ಹೆಸರು ಹೇಳುವುದು, ಅವನು ಪುಸ್ತಕದಲ್ಲಿ ಅಂಥದ್ದನ್ನು ಹುಡುಕುವುದು, ಸಿಕ್ಕದಿದ್ದರೆ ಕುಳ್ಳಯ್ಯನ ಹೆಸರನ್ನೇ ಬರೆಯುವುದು, ಹೀಗೆಂದು ಇಬ್ಬರ ನಡುವೆ ಒಪ್ಪಂದವಾಗಿತ್ತು. ಎಣಿಸಲು ಬಾರದವನಿಗೂ ಎಣಿಸಲು ಏನಾದರೂ ಬೇಕಲ್ಲ.

ದೇವಯ್ಯ ಎಮ್ಮೆ ಹೊಡೆದುಕೊಂಡು ಹೋದ. ಕುಳ್ಳಯ್ಯ ಏನೂ ತೋಚದೆ ಮೊದಲನೆಯ ಸಾಲಿನ ಉದ್ದಕ್ಕೂ ನಡೆದ. ಆಗ ಮೂಗಿಗೆ ಬೇವಿನ ಹೊಗೆಯ ಕಮಟು ಬಡಿಯಿತು. ಸಾಲಿನ ನಡುನಡುವೆ ಬೂದಿ ಬಿದ್ದಿತ್ತು. ಕಂಪನಿಯವರು ಹೋದ ವಾರ ಬಿಳಿ ಪೇಂಟಿನಲ್ಲಿ ‘೧’ ಎಂದು ಬರೆದಿದ್ದ ಮರಕ್ಕೆ ಕೊಡಲಿಯೊಂದು ಒರಗಿತ್ತು. ಅವನ ಮನೆಯದೇ ಕೊಡಲಿ. ಅದರ ಬಾಯಿಗೆ ಅರಿಶಿನ ಬಳಿದಿತ್ತು.

ಕುಳ್ಳಯ್ಯ ಕೊಡಲಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತುಬಿಟ್ಟ. “ಅವ್ವ,” ಎಂದ, ಕೊಡಲಿಯನ್ನೇ ಮಾತಾಡಿಸುವವನ ಹಾಗೆ.

*

ಮಾಯಮ್ಮ ಜಗಲಿಯ ಮೇಲೆ ಕಾಲು ಚಾಚಿಕೊಂಡು ಅವರೆಕಾಯಿ ಬಿಡಿಸುತ್ತಿದ್ದಳು. ಎಪ್ಪತ್ತು ದಾಟಿದ ಮುದುಕಿ. ಮಗ ಓಡಿಬಂದದ್ದನ್ನು, ಅವನ ಹಿಂದೆ ಬ್ಯಾಗು ತಬ್ಬಿಕೊಂಡು ಆಫೀಸರು ಬಂದದ್ದನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ.

“ಅವ್ವ, ತೋಪಲ್ಲಿ ಒಗೆ ಆಕ್ದೋರು ಯಾರು?”

“ನಾನೇ ಕಣ್ಲಾ. ಇನ್ಯಾರ್ ಆಕ್ತಾರೆ? ನೀನು ನೆನ್ನೆ ನಾಗಮಂಗಲಕ್ಕೆ ಬೂಸ ತರಕ್ಕೋಗಿ ಕಡೇ ಬಸ್ಗೆ ಬಂದೆ. ಕೆಲ್ಸ ನಿಲ್ತದಾ?”

“ಯಾವ್ ಕೆಲ್ಸ?”

“ಯೋಳೋ ಕೆಲ್ಸ. ಬುಧವಾರ ಕಂಪ್ನಿಯೋರು ಮರ ನೋಡಕ್ಕೆ ಬತ್ತಾರೆ ಅಂತ ನೀನೇ ಅಂದೆ. ಓದ್ವಾರ ಮರಮರಕ್ಕೂ ನಂಬರ್ ಬರ್ದು ಓದ್ರು. ನಂಬರ್ ಬಿದ್ ಮ್ಯಾಲೆ ಎಂಟು ದಿನಕ್ಕಿಂತ ನಿಂತ ಮರವ ನಾನ್ ಕಂಡಿಲ್ಲ ಕನಪ್ಪ. ಕೆ.ಆರ್. ಪೇಟೆ ಮಿಲ್ಲಿನೋರು ನಮ್ ಅತ್ತಿ ಮರಕ್ಕೆ ನಂಬರ್ ಬರೀಲಿಲ್ವಾ? ಬೇವಿನ ಮರಕ್ಕೆ ಬರೀಲಿಲ್ವಾ? ಮರ ಕಡಿಯೋಕ್ ಮುಂಚೆ ಅದ್ರಲ್ಲಿರೋ ಜೀವಕ್ಕೆ ಯೋಳ್ಬೇಕು. ನಿಮ್ ತಾತ ಯೋಳ್ತಿದ್ದ, ನಿಮ್ಮಪ್ಪ ಯೋಳ್ತಿದ್ದ, ಅವರಿಬ್ರೂ ಓದ್ರು. ನೀನ್ ಯೋಳಲ್ಲ. ಅದ್ಕೆ ನಾನೇ ಯೋಳ್ದೆ.”

ನಡೆದದ್ದು ಇಷ್ಟು. ಹಿಂದಿನ ದಿನ ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಮಾಯಮ್ಮ ಹಸಿ ಬೇವಿನ ಸೊಪ್ಪಿನ ಸಿವುಡು ಕಟ್ಟಿ, ಅದಕ್ಕೆ ಕೆಂಡ ತಾಗಿಸಿ, ಸಾಲು ಸಾಲು ನಡೆದಿದ್ದಳು. ಪ್ರತಿ ಮರಕ್ಕೂ ಕೊಡಲಿಯ ಹಿಂಬದಿಯಿಂದ ಮೂರು ಸಲ ತಟ್ಟಿ, ಹಿತ್ತಾಳೆ ತಣಿಗೆ ಬಡಿದು, ಅದರಲ್ಲಿ ವಾಸವಿರುವವರ ಹೆಸರು ಹಿಡಿದು ಹೇಳಿದ್ದಳು: ನಾಳೆ ಕೊಡಲಿ ಬೀಳ್ತದೆ, ಮೊಟ್ಟೆ ಮರಿ ಎತ್ಕಂಡು ದೇವಯ್ಯನ ಉಣಸೆ ತೋಪ್ಗೆ ಓಗಿ, ಅಲ್ಲಿ ನೆಳ್ಳದೆ, ನೀರದೆ, ನಮ್ ಮ್ಯಾಲೆ ಸಿಟ್ ಮಡಿಕಬ್ಯಾಡಿ. ಚಲುವಮ್ಮ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದ್ದಳು. ಗಂಡನೇ ಹೇಳಿ ಮಾಡಿಸುತ್ತಿರಬೇಕು ಅಂದುಕೊಂಡಿದ್ದಳು.

“ಹಾವು ಹಲ್ಲಿಗೆಲ್ಲ ಸಾಲ ಕೊಡ್ತಾರೆ ಅಂದ್ರಿ,” ಎಂದಳು ಈಗ. “ಇದೂ ಅದ್ರದ್ದೇ ಯಾವ್ದೋ ಪೂಜೆ ಅಂತ ಸುಮ್ಕಾದೆ. ನಂಗೇನ್ ಗೊತ್ತು?”

ಕುಳ್ಳಯ್ಯನಿಗೆ ಯಾರ ಮೇಲೆ ರೇಗಬೇಕೆಂದು ಗೊತ್ತಾಗಲಿಲ್ಲ. ಮುದುಕಿ ತಪ್ಪು ಮಾಡಿಲ್ಲ. ಹೆಂಡತಿಯೂ ಮಾಡಿಲ್ಲ. ಹಕ್ಕಿಗಳಂತೂ ದೊಡ್ಡವರ ಮಾತು ಕೇಳಿ ಮರ್ಯಾದೆಯಾಗಿ ಎದ್ದು ಹೋಗಿವೆ.

ಶಿವಶಂಕರ್ ಮಾತ್ರ ಬೇರೆ ಏನನ್ನೋ ಯೋಚಿಸುತ್ತಿದ್ದ. ಜಗಲಿಯ ತುದಿಯಲ್ಲಿ ಕುಳಿತು, “ಅಜ್ಜಿ, ಹೆಸರು ಹಿಡಿದು ಅಂದ್ರಲ್ಲ, ಯಾರ್‍ಯಾರ ಹೆಸರು?” ಎಂದು ಕೇಳಿದ.

“ಇರೋರ್ ಎಸ್ರು ಕಣ್ ಮಗ. ಮೂಡ್ಲ ಸಾಲಲ್ಲಿ ಮೊದಲ್ನೇ ಮರದ ಬುಡದಲ್ಲಿ ಆವುರಾಣಿ. ಅದ್ರ ಪಕ್ಕದ್ರಲ್ಲಿ ಕೆಂಜಿಗ, ಎಲೆ ಒಲ್ದು ಗೂಡ್ ಮಾಡವೆ. ಮೂರನೇದ್ರಲ್ಲಿ ಅಳಿಲು. ಅದ್ರಿಂದ ಆಚ್ಗೆ ಒಂದು ಓತಿಕ್ಯಾತ, ಬೋ ಕ್ವಾಪದ್ದು, ಅದ್ಕೆ ಎರಡು ಸರ್ತಿ ಯೋಳ್ದೆ. ಬೇಲಿ ತಾವ ಪಿಕಳಾರ. ಉತ್ತದಲ್ಲಿ ಯಾರವ್ರೆ ಅಂತ ಎಸ್ರು ಯೋಳಲ್ಲ, ಕೈ ಮುಗ್ದೆ, ಅಷ್ಟೇ.”

ಮುದುಕಿ ಹೇಳುತ್ತಾ ಹೋದಳು. ಶಿವಶಂಕರ್ ಬರೆಯುತ್ತಾ ಹೋದ. ಕಾಜಾಣ, ಮರಕುಟುಕ, ಕೆಂಬೂತ, ಕೌಜುಗ, ಮೊಲ, ಉಡ, ಕೋಲುಜೇನು, ಕಡಜ. ಅವಳ ಬಾಯಲ್ಲಿ ಅವು ಹಕ್ಕಿಪಕ್ಕಿಗಳಾಗಿರಲಿಲ್ಲ, ಒಕ್ಕಲುಗಳಾಗಿದ್ದವು. ಯಾರು ಎಷ್ಟು ವರ್ಷದಿಂದ ಇದ್ದಾರೆ, ಯಾರಿಗೆ ಯಾರ ಕಂಡರೆ ಆಗುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಕೊನೆಗೆ ತೋಪಿನ ಮೂಲೆಯ ಹಳೆಯ ಹಿಪ್ಪೆ ಮರಕ್ಕೆ ಬಂದು, ಅದೊಂದರಲ್ಲೇ ಗೂಬೆಯಿಂದ ಬಾವಲಿಯವರೆಗೆ ಹನ್ನೊಂದು ಮನೆ ಎಣಿಸಿದಳು.

ಶಿವಶಂಕರ್ ಕೂಡಿಸಿದ. ಮೂವತ್ತೊಂದು.

“ಮೂರು ವರ್ಷದಲ್ಲಿ ನಾನು ಇಷ್ಟು ಚೆನ್ನಾಗಿರೋ ಪಟ್ಟಿ ನೋಡಿಲ್ಲ ಕುಳ್ಳಯ್ಯನವರೇ,” ಎಂದ. ಪಟ್ಟಿ ಚೆನ್ನಾಗಿತ್ತು. ಪಟ್ಟಿಯಲ್ಲಿದ್ದವರು ಮಾತ್ರ ಇರಲಿಲ್ಲ.

ಅವನು ತನ್ನ ಮೊಪೆಡ್ಡಿನಲ್ಲಿ ದೇವಲಾಪುರದ ಎಸ್.ಟಿ.ಡಿ. ಬೂತಿಗೆ ಹೋಗಿ ಮ್ಯಾನೇಜರಿಗೆ ಫೋನು ಮಾಡಿ ಬಂದ. ಮ್ಯಾನೇಜರು ಮಂಗಳೂರಿನ ಕಡೆಯವರು. ಶಿವಶಂಕರ್ ಗದ್ದವನ್ನು ಎದೆಗೆ ಒತ್ತಿ, ಕಣ್ಣು ಅರ್ಧ ಮುಚ್ಚಿ, ಅವರ ದನಿಯಲ್ಲೇ ಒಪ್ಪಿಸಿದ: “ಎಂತದು ಮಾರಾಯ, ಅಜ್ಜಿ ಹೇಳಿದ್ದನ್ನೆಲ್ಲ ಬೊಂಬಾಯಿಗೆ ಕಳಿಸ್ಲಿಕ್ಕೆ ಆಗ್ತದಾ? ಕಣ್ಣಲ್ಲಿ ಕಂಡದ್ದು ಮಾತ್ರ ಬರಿ. ನಾಳೆ ಹನ್ನೊಂದರ ಒಳಗೆ ಫಾರಮು ನನ್ನ ಮೇಜಲ್ಲಿ ಉಂಟಾದರೆ ಉಂಟು, ಇಲ್ಲದಿದ್ದರೆ ಕಂಟ್ರಾಕ್ಟರನಿಗೆ ಹೇಳುದೇ.”

ಚಲುವಮ್ಮನಿಗೆ ನಗು ಬಂತು. ಕುಳ್ಳಯ್ಯನಿಗೆ ಬರಲಿಲ್ಲ. ಅವನು ತಾಯಿಯ ಮುಂದೆ ಕುಳಿತ.

“ಅವ್ವ, ಮರ ಕಡಿಯಲ್ಲ ಕಣವ್ವ. ಅವು ವಾಪಸ್ ಬರ್ಬೇಕು. ಕರಿ.”

“ಕರೀಬೌದಾ?” ಮಾಯಮ್ಮನ ಕೈ ಈಗ ನಿಂತಿತು. “ಕೊಡಲಿ ಬೀಳ್ತದೆ ಅಂತ ಕಳ್ಸಿದ್ದೀನಿ. ಕೊಡಲಿ ಬಿದ್ಮ್ಯಾಲೆ ಅವೇ ಬತ್ತವೆ, ಉಳ್ದಿರೋದ್ರಲ್ಲಿ ಜಾಗ ನೋಡ್ಕತ್ತವೆ. ಕೊಡಲಿ ಬೀಳ್ದೆ ಬನ್ನಿ ಅಂದ್ರೆ ಮುದ್ಕಿ ಸುಳ್ಳಿ ಅನ್ನಲ್ವಾ? ನಾಳೆ ನಿಜವಾಗ್ಲೂ ಕಡಿಯೋ ದಿನ ನನ್ ಮಾತ ಯಾರ್ ಕೇಳ್ತಾರೆ?”

“ಕೊಡಲಿ ಬೀಳಂಗಿಲ್ವಲ್ಲವ್ವ. ಎಣಿಸೋಕ್ ಮುಂಚೆ ಮರ ಕಡುದ್ರೆ ಕರಾರು ಮುರುದೋಯ್ತದೆ.”

“ಅದು ನಿನ್ ಕರಾರು. ನಂದು ಬ್ಯಾರೆ.”

ಕುಳ್ಳಯ್ಯ ತಲೆ ಹಿಡಿದುಕೊಂಡ. ಕಂಪನಿಯ ಪ್ರಕಾರ ಹಕ್ಕಿ ಬರುವವರೆಗೆ ಕೊಡಲಿ ಬೀಳುವಂತಿಲ್ಲ. ಅವ್ವನ ಪ್ರಕಾರ ಕೊಡಲಿ ಬೀಳುವವರೆಗೆ ಹಕ್ಕಿ ಬರುವಂತಿಲ್ಲ. ಹೊಗೆ ಚದುರಿದರೆ ಅವೇ ಬರುತ್ತವೆ ಎಂದು ಒಂದು ಮನಸ್ಸು ಹೇಳಿತು. ಬರದಿದ್ದರೆ, ಎಂದು ಇನ್ನೊಂದು ಕೇಳಿತು. ಅವ್ವನ ಮಾತು ಕೇಳಿ ಹೋಗಿರುವುದನ್ನಂತೂ ಕಣ್ಣಾರೆ ಕಂಡಿದ್ದಾನೆ.

ಮಧ್ಯಾಹ್ನ ಮುದ್ದೆ ಉಂಡ ಮೇಲೆ ದೇವಯ್ಯ ಬಂದು ವಿಷಯವೆಲ್ಲ ಕೇಳಿಸಿಕೊಂಡ. ಆಫೀಸರನ್ನು ನೋಡಿ, “ಸಾಮಿ, ನಿಮ್ ಕಾಗದದಲ್ಲಿ ಯಾವ್ಯಾವ್ ಮರ ಅದೆ?” ಎಂದ.

“ನಂಬರ್ ಹಾಕಿರೋ ನಾನೂರ ಹನ್ನೆರಡು ತೇಗ.”

“ಇಪ್ಪೆ ಮರ?”

“ಅದಿಲ್ಲ. ಅದರ ಮರಕ್ಕೆ ಪೇಟೆಯಲ್ಲಿ ಬೆಲೆ ಇಲ್ಲ, ಹಾಗಾಗಿ ಅದಕ್ಕೆ ನಂಬರೂ ಇಲ್ಲ.”

“ಮುಗೀತಲ್ಲ ಮತ್ತೆ. ಇಪ್ಪೆ ಉರುಳ್ಸು ಕಣ್ಲಾ ಕುಳ್ಳ. ನಿಮ್ಮವ್ವಂಗೂ ಕೊಡಲಿ ಬಿತ್ತು, ಇವ್ರ್ ಕಾಗದಕ್ಕೂ ಏಟ್ ಬೀಳ್ನಿಲ್ಲ.”

ಶಿವಶಂಕರ್ ಕಾಗದ ತಿರುವಿ ನೋಡಿದ. ತಡೆಯುವ ಮಾತು ಎಲ್ಲಿಯೂ ಇರಲಿಲ್ಲ. ಇಡೀ ತೋಪಿನಲ್ಲಿ ಹನ್ನೊಂದು ಬಗೆಯ ಜೀವ ಇರುವ ಮರ ಅದೊಂದೇ, ಯಾರು ಬೇಕಾದರೂ ಕಡಿಯಬಹುದಾದ ಮರವೂ ಅದೊಂದೇ. ಅವನು ಅದನ್ನು ಎರಡು ಸಲ ಓದಿದ, ತಾನೇ ತಪ್ಪು ಓದಿಕೊಂಡಿದ್ದೇನೆಂಬಂತೆ.

ಕುಳ್ಳಯ್ಯ ಕೊಡಲಿ ಎತ್ತಿಕೊಂಡು ಹಿಪ್ಪೆಯ ಬುಡಕ್ಕೆ ಹೋದ. ಇಬ್ಬರು ತಬ್ಬಿದರೂ ಸಿಗದ ಬಡ್ಡೆ. ಮೇಲೆ ಪೊಟರೆ. ಹಿಪ್ಪೆಯ ಕಾಯಿಂದ ಅವನ ಅಜ್ಜಿ ದೀಪದ ಎಣ್ಣೆ ತೆಗೆಸುತ್ತಿದ್ದಳು. ತೇಗದ ಸಸಿ ನೆಡುವಾಗ ಊಟದ ಬುತ್ತಿ ನೇತುಹಾಕುತ್ತಿದ್ದದ್ದು ಇದೇ ಕೊಂಬೆಗೆ. ಮೂವತ್ತೊಂದರಲ್ಲಿ ಹನ್ನೊಂದು ಕಳೆದರೆ ಎಷ್ಟು ಎಂದು ಲೆಕ್ಕ ಹಾಕಿದ. ಇಪ್ಪತ್ತು. ಸರಿಯಾಗಿ ಇಪ್ಪತ್ತು. ಕಡಿದರೂ ಸಾಲುತ್ತದೆ. ಸಾಲುತ್ತದೆ ಎಂದು ತಿಳಿದದ್ದಕ್ಕೇ ಅವನಿಗೆ ನಾಚಿಕೆಯಾಯಿತು. ಕೊಡಲಿಯನ್ನು ಹೆಗಲ ಮೇಲಿಟ್ಟುಕೊಂಡು ಹಿಂದಕ್ಕೆ ಬಂದ.

“ಯಾಕ್ಲಾ?” ಎಂದ ದೇವಯ್ಯ.

“ಆಗಲ್ಲ ಬುಡಣ್ಣ.”

ಮೊದಲನೆಯ ನಂಬರಿನ ತೇಗದ ಮುಂದೆ ನಿಂತು ತಾಯಿಯನ್ನು ಕೂಗಿ ಕರೆದ. ಮಾಯಮ್ಮ ಕೋಲೂರಿಕೊಂಡು ಬಂದಳು.

“ಅವ್ವ, ನೀನು ಯೋಳಿದ್ದು ಕೊಡಲಿ ಬೀಳ್ತದೆ ಅಂತಲೋ, ಮರ ಬೀಳ್ತದೆ ಅಂತಲೋ?”

ಮಾಯಮ್ಮ ಕೋಲಿನ ತುದಿಗೆ ಗದ್ದ ಊರಿದಳು. “ಕೊಡಲಿ ಅಂತ. ಮರ ಬೀಳೋದು ಬುಡೋದು ಯಾರ್ ಕೈಲದೆ?”

“ಸಾ, ತೇಗಕ್ಕೆ ವರ್ಸಾ ವರ್ಸಾ ಪಕ್ಕದ ರೆಂಬೆ ಸವರ್ತೀವಲ್ಲ, ಮರ ನೆಟ್ಗೆ ಬೆಳೀಲಿ ಅಂತ. ಅದ್ಕೆ ನಿಮ್ ಕಾಗದದಲ್ಲಿ ಏನ್ ಬರ್ದದೆ?”

ಶಿವಶಂಕರ್ ಹುಡುಕಿದ. ಸಿಕ್ಕಿತು. ಓದುವಾಗ ಅವನ ದನಿ ತನಗೆ ಗೊತ್ತಿಲ್ಲದೆಯೇ ಮ್ಯಾನೇಜರ ದನಿಯಾಯಿತು. “ಸಾಲಗಾರನು ವರ್ಷಕ್ಕೊಮ್ಮೆ ಪಕ್ಕದ ರೆಂಬೆಗಳನ್ನು ಸವರತಕ್ಕದ್ದು.” ತಲೆಯೆತ್ತಿ, “ಸವರಬಹುದು ಅಲ್ಲ, ಸವರಲೇಬೇಕು,” ಎಂದ.

ಕುಳ್ಳಯ್ಯ ಒಂದೇ ಏಟು ಹಾಕಿದ. ಎದೆಮಟ್ಟದ ರೆಂಬೆಯೊಂದು ಅಗಲ ಎಲೆಗಳ ಸಮೇತ ನೆಲಕ್ಕೆ ಬಿತ್ತು.

ಮಾಯಮ್ಮ ಬಿದ್ದ ರೆಂಬೆಯನ್ನು ಕೋಲಿನಿಂದ ಒತ್ತಿ ನೋಡಿದಳು. “ಊಂ. ಬಿತ್ತು,” ಎಂದಳು. ದೇವಯ್ಯನ ಹುಣಸೆ ತೋಪಿನ ಕಡೆ ತಿರುಗಿ ಕೈಯನ್ನು ಒಂದು ಸಲ ಬೀಸಿ, ಅವರೆಕಾಯಿ ಬಿಡಿಸಲು ಹೋದಳು.

*

ಶಿವಶಂಕರ್ ಆ ದಿನ ಕುಳ್ಳಯ್ಯನ ಜಗಲಿಯಲ್ಲೇ ಮಲಗಿದ. ಮರುದಿನ ಬೆಳಕು ಹರಿಯುವ ಮುಂಚೆ ಇಬ್ಬರೂ ತೋಪಿನ ನಡುವೆ ಗೋಣಿಚೀಲ ಹೊದ್ದು ಕುಳಿತರು. ಮಂಜು ಇತ್ತು. ಮೊದಲು ಪಿಕಳಾರ ಬಂತು. ಆಮೇಲೆ ಗಿಣಿಗಳು, ತಮ್ಮ ಹಳೆಯ ಜಗಳವನ್ನು ಬಿಟ್ಟಲ್ಲಿಂದಲೇ ಮುಂದುವರಿಸಿಕೊಂಡು. ಅಳಿಲು ಬಾಲ ಕುಣಿಸಿಕೊಂಡು ಮೂರನೆಯ ಮರ ಹತ್ತಿತು. ಓತಿಕ್ಯಾತ ನಾಲ್ಕನೆಯ ಮರದ ಮೇಲೆ ಕುಳಿತು ಇಬ್ಬರನ್ನೂ ದುರುಗುಟ್ಟಿ ನೋಡಿತು.

ರೆಂಬೆ ಕಡಿದದ್ದಕ್ಕೆ ಬಂದವೋ, ಹೊಗೆ ಹೋದದ್ದಕ್ಕೆ ಬಂದವೋ, ಮುದುಕಿ ಕೈ ಬೀಸಿದ್ದಕ್ಕೆ ಬಂದವೋ, ಕುಳ್ಳಯ್ಯ ಯೋಚಿಸಲಿಲ್ಲ. ಬೆರಳು ಮಡಿಸುತ್ತಾ ಕುಳಿತ. ಏಳೂವರೆಯ ಹೊತ್ತಿಗೆ ಹತ್ತೊಂಬತ್ತು. ಎಂಟಕ್ಕೂ ಹತ್ತೊಂಬತ್ತು. ಎಂಟೂಕಾಲಕ್ಕೂ ಅಷ್ಟೇ. ಮುಂಗುಸಿ ಬರಲಿಲ್ಲ. ಉಡಕ್ಕೆ ದೇವಯ್ಯನ ಬದ ಹಿಡಿಸಿಬಿಟ್ಟಿರಬೇಕು. ಶಿವಶಂಕರ್ ಗಡಿಯಾರ ನೋಡಿದ. ಶ್ರೀರಂಗಪಟ್ಟಣ ಮುಟ್ಟಲು ಮೊಪೆಡ್ಡಿಗೆ ಎರಡು ಗಂಟೆಗೂ ಮೇಲೆ ಬೇಕು.

“ಅಗಾ ನೋಡಿ ಸಾ,” ಎಂದು ಕುಳ್ಳಯ್ಯ ಪಿಸುಗುಟ್ಟಿದ. ಹಿಪ್ಪೆಯ ಪೊಟರೆಯಲ್ಲಿ ಗೂಬೆಯ ಮುಖ, ನಿದ್ದೆಗೆಟ್ಟ ಗುಮಾಸ್ತನ ಹಾಗೆ. “ಇಪ್ಪತ್ತು.”

ಶಿವಶಂಕರ್ ಪೆನ್ನು ಎತ್ತಿದವನು ಹಾಗೇ ನಿಲ್ಲಿಸಿದ. “ಆ ಮರ ಕಾಗದದಲ್ಲಿಲ್ಲ ಕುಳ್ಳಯ್ಯನವರೇ. ನಂಬರ್ ಇಲ್ಲದ ಮರದ ಮೇಲಿರೋದನ್ನ ಬರೆಯೋಕಾಗಲ್ಲ. ಬರೀಬೇಕು ಅಂದ್ರೆ ಅದಕ್ಕೂ ನಂಬರ್ ಹಾಕಬೇಕು. ಪೇಂಟು ಬ್ಯಾಗಲ್ಲಿದೆ. ಆದ್ರೆ ನಂಬರ್ ಬಿದ್ರೆ ಅದೂ ಅಡವು. ಹದಿನಾಲ್ಕು ತುಂಬಿದ ದಿನ ತೇಗದ ಜೊತೆ ಅದನ್ನೂ ಕಡಿಯೋ ಹಕ್ಕು ಕಂಪ್ನಿಗೆ ಬರ್ತದೆ.”

ನಿನ್ನೆ ಉಳಿಸಿದ ಮರವನ್ನು ಇವತ್ತು ಬರೆದುಕೊಡಬೇಕು. ಬರೆದುಕೊಡದಿದ್ದರೆ ಉಳಿದ ನಾನೂರ ಹನ್ನೆರಡು ಸಂಕ್ರಾಂತಿಗೆ ನೆಲಕ್ಕೆ. ಕುಳ್ಳಯ್ಯ ಗೂಬೆಯನ್ನು ನೋಡಿದ. ಗೂಬೆ ಕಣ್ಣು ಮುಚ್ಚಿಕೊಂಡಿತು.

“ಅದ್ರ ಮುಂದೆ ಏನಾದ್ರೂ ಬರ್ಯಕ್ಕೆ ಜಾಗ ಅದ್ಯಾ ಸಾ? ಕಡಿಯಂಗಿಲ್ಲ ಅಂತ?”

“ಷರಾ ಅಂತ ಒಂದು ಕಾಲಮ್ ಇದೆ.”

“ಬರೀರಿ.”

“ಬರೆದ್ರೆ ನಡೀತದೋ ಇಲ್ಲವೋ ನನಗೆ ಗೊತ್ತಿಲ್ಲ.”

“ಮೇನೇಜರು ಓದ್ತಾರಾ?”

“ಷರಾ ಕಾಲಮ್ಮನ್ನ ಇಲ್ಲೀತನಕ ಯಾರೂ ಓದಿದ್ದು ನಾನು ನೋಡಿಲ್ಲ. ಆದ್ರೆ ಕೆಳಗೆ ಇಬ್ಬರ ಸಹಿಯೂ ಇರ್ತದೆ.”

ಕುಳ್ಳಯ್ಯ ಸಹಿ ಹಾಕಿದ. ‘ಈ ಮರ ಎಣಿಕೆಗೆ ಮಾತ್ರ, ಕಡಿಯತಕ್ಕದ್ದಲ್ಲ’ ಎಂದು ಬರೆದು ಶಿವಶಂಕರನೂ ಸಹಿ ಹಾಕಿದ. ಗೂಬೆ ಇಪ್ಪತ್ತನೆಯದಾಯಿತು. ಆಮೇಲೆ ಅವನು ಪೇಂಟಿನ ಡಬ್ಬಿ ತೆಗೆದು ಹಿಪ್ಪೆಯ ಬಡ್ಡೆಯ ಮೇಲೆ ‘೪೧೩’ ಎಂದು ಬರೆಯುತ್ತಿದ್ದಾಗ ಹಿಂದಿನಿಂದ ಕೋಲಿನ ಸದ್ದು ಕೇಳಿತು.

ಮಾಯಮ್ಮ ಪೇಂಟು ನೋಡಿದಳು. ಹಿಂದಕ್ಕೆ ತಿರುಗಿ, ಬೇವಿನ ಮರದ ಕಡೆ ಹೊರಟಳು.

“ಅವ್ವ, ನಿಂತ್ಕ,” ಎಂದು ಕುಳ್ಳಯ್ಯ ಓಡಿ ಹೋಗಿ ಅಡ್ಡ ನಿಂತ. “ಸೊಪ್ಪು ಕುಯ್ಯಬ್ಯಾಡ. ಇದು ಕಡಿಯೋ ನಂಬರ್ ಅಲ್ಲ. ಕಡೀದೆ ಇರೋ ನಂಬರ್.”

“ಅಂಗೂ ಒಂದದ್ಯಾ?”

“ಅದೆ. ಇದೊಂದ್ಕೆ.”

“ಮತ್ತೆ ಉಳ್ದವು?”

“ಅವೂ ಈಗ ಕಡಿಯಲ್ಲ. ಐದ್ ವರ್ಸ ಆದ್ಮ್ಯಾಲೆ ಕಡೀತೀವಿ.”

“ಅಂದ್ರೆ ಅದೇ ನಂಬರು ಈಗ ಕಾಯ್ತದೆ, ಆಮ್ಯಾಕೆ ಕಡೀತದೆ?” ಮಾಯಮ್ಮ ಮಗನ ಮುಖವನ್ನೇ ನೋಡಿದಳು. “ಅವಕ್ಕೆ ನಾನ್ ಏನಂತ ಯೋಳ್ಲಿ?”

ಕುಳ್ಳಯ್ಯ ಶಿವಶಂಕರನ ಕಡೆ ನೋಡಿದ. ಶಿವಶಂಕರ್ ಫಾರಮ್ಮಿನ ಕಡೆ ನೋಡಿದ. ಇದಕ್ಕೂ ಕಾಲಮ್ ಇರಲಿಲ್ಲ. “ಇಪ್ಪತ್ತಾಯ್ತು ಅಜ್ಜಿ, ಐದು ವರ್ಷ ಯಾರೂ ಬರಲ್ಲ,” ಎಂದು ಹೇಳಿ, ಕೈ ಮುಗಿದು, ಮೊಪೆಡ್ಡಿನ ಪೆಡಲು ತುಳಿಯುತ್ತಾ ಹೊರಟುಹೋದ. ಅದರ ಸದ್ದಿಗೆ ಗಿಣಿಗಳು ಒಮ್ಮೆ ಎದ್ದು ಮತ್ತೆ ಕುಳಿತವು.

ಮಾಯಮ್ಮ ಹೋಗಲಿಲ್ಲ. “ಐದ್ ವರ್ಸಕ್ಕೆ ನಾನ್ ಎಲ್ಲಿರ್ತೀನೋ. ಅವತ್ತು ಯೋಳೋರ್ ಯಾರು?” ಎಂದು ಕೇಳಿ, ನಿನ್ನೆಯಿಂದ ತೋಪಿನಲ್ಲೇ ಇದ್ದ ಕೊಡಲಿ ಎತ್ತಿ ಮಗನ ಕೈಗೆ ಕೊಟ್ಟಳು, ಹಿಂಬದಿ ಮುಂದೆ ಮಾಡಿ. ಮೂಡಲ ಸಾಲಿನ ಮೊದಲನೆಯ ಮರದ ಮುಂದೆ ನಿಲ್ಲಿಸಿದಳು.

“ತಟ್ಬ್ಯಾಡ. ಬರೀ ಎಸ್ರು ಯೋಳು. ಇದ್ರಲ್ಲಿ ಯಾರವ್ರೆ?”

“ಅಳಿಲು.”

“ಅಳಿಲು ಮೂರನೇದ್ರಲ್ಲಿ. ಇದು ಆವುರಾಣಿ.”

“ಆವುರಾಣಿ. ಅದ್ರ ಪಕ್ಕದ್ದು ಕೆಂಜಿಗ. ಆಮ್ಯಾಕೆ ಅಳಿಲು. ನಾಕನೇದು...” ಕುಳ್ಳಯ್ಯ ಮರವನ್ನು ನೋಡಿದ. ಮೂರು ವರ್ಷ ಇವನ್ನೆಲ್ಲ ಉಳಿಸಲು ಪಾಡು ಪಟ್ಟವನು ಈಗ ಕಲಿಯುತ್ತಿರುವುದು ಉಳಿಸುವುದನ್ನೋ ಕಳಿಸುವುದನ್ನೋ ಎಂದು ಅವನಿಗೇ ತಿಳಿಯಲಿಲ್ಲ. ನಾಲ್ಕನೆಯ ಮರದಿಂದ ಓತಿಕ್ಯಾತ ಕೆಂಪು ಕತ್ತು ಉಬ್ಬಿಸಿ ಅವನನ್ನು ನೋಡುತ್ತಿತ್ತು, ಹೆಸರು ಹೇಳಿಕೊಡಲು ತನಗೇನೂ ಆತುರವಿಲ್ಲ ಎಂಬಂತೆ.

“ಮರ್ತೋಯ್ತು ಕಣವ್ವ.”

“ಮೊದ್ಲಿಂದ ಯೋಳು,” ಎಂದಳು ಮಾಯಮ್ಮ.